ಚಿತ್ರಕಥೆಗಳೂ ನಮ್ಮ ಬಾಲಿಕೆಯರೂ



ಸ್ಮರಣಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖವೆಂದರೆ ಪರೀಕ್ಷೆಯ ಫಲ, ಕಟ್ಟಡದ ಕೆಲಸ, ಆಟಪಾಟಗಳಲ್ಲಿ ಬಂದ ಬಹುಮಾನ, ಇವುಗಳ ವರದಿಯೆಂದು ನೀವು ಎಣಿಸಿರುವದು ಸಹಜವೇ. ಆ ವರದಿಯು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇರುವದರಿಂದ, ನಮ್ಮ ಪಾಲಿಗೆ ಬಂದ ಪುಟಗಳನ್ನು ಬೇರೊಂದು ಕಾರ್ಯಕ್ಕೆ ಬಳಸಿಕೊಳ್ಳಲು ಅಪ್ಪಣೆ ಬೇಡುತ್ತೇವೆ. ಕಳೆದ ಕೆಲವು ವರುಷಗಳಲ್ಲಿ ಪಾಲಕರು ಅನೇಕರು ನಮ್ಮ ಕೋಣೆಗೆ ಬಂದು ಒಂದೇ ಪ್ರಶ್ನೆಯನ್ನು ಕೇಳಿರುತ್ತಾರೆ: "ಬಾಯಾರೆ, ನಮ್ಮ ಹುಡಿಗಿ ಪಾಟಿಚೀಲದಾಗ ಒಂದು ಚಿತ್ರದ ಪುಸ್ತಕ ಸಿಕ್ತು. ಅದರಾಗ ಹುಡಿಗ್ಯಾರು ದೊಡ್ಡಾಕಿ ಆಗೂದನ್ನ ಚಿತ್ರ ತಗದಾರ. ಇದು ನಿಮ್ಮ ಸಾಲಿ ಪಾಠ ಏನು?" ಕೇಳಿದವರಲ್ಲಿ ಕೆಲವರು ಸಿಟ್ಟಿನಿಂದ ಕೇಳಿದರು, ಕೆಲವರು ನಾಚಿ ತಲೆತಗ್ಗಿಸಿ ಕೇಳಿದರು. ಇಬ್ಬರಿಗೂ ಉತ್ತರ ಸಲ್ಲಬೇಕಾದದ್ದೇ. ಒಬ್ಬೊಬ್ಬರಿಗೆ ನಿಂತ ಕಾಲಲ್ಲಿ ಹೇಳಿದ ಮಾತನ್ನು ಎಲ್ಲರೂ ಕೂತು ಓದುವಂತೆ ಇಲ್ಲಿ ಬರೆಯುತ್ತೇವೆ.

ಮೊದಲು ಒಂದು ಮಾತು. ಚಿತ್ರದಲ್ಲಿ ಕಥೆ ಹೇಳುವದು ಹೊರಗಿನಿಂದ ಬಂದ ಹೊಸ ಚಟವೆಂದು ತಿಳಿಯಬಾರದು. ನಮ್ಮ ಕನ್ನಡನಾಡಿನ ಊರೂರ ಅಗಸಿಯಲ್ಲಿಯೂ ಗುಡಿಯ ಅಂಗಳದಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಒಯ್ಯುವದು, ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಕೂತಿರುವದು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಮೂರು ಚೌಕಟ್ಟಿನ ಚಿತ್ರಕಥೆಯಲ್ಲದೆ ಇದು ಮತ್ತೇನು? ಅಕ್ಷರ ಬಾರದ ಒಕ್ಕಲಿಗನಿಗೂ ಅದು ಅರ್ಥವಾಗುತ್ತಿತ್ತು. ಆ ವೀರಗಲ್ಲಿನ ಸಮೀಪದಲ್ಲಿ ಕೆಲವೆಡೆ ಮಾಸ್ತಿಗಲ್ಲು ಇರುವದು. ಗಂಡನ ಸಂಗಡ ಬೆಂಕಿಯನ್ನು ಹೊಕ್ಕವಳ ನೆನಪಿಗೆ ಕೆತ್ತಿದ ಆ ಕಲ್ಲಿನಲ್ಲಿ ಬಳೆ ತೊಟ್ಟು ಮೇಲಕ್ಕೆತ್ತಿದ ಒಂದು ತೋಳು ಮಾತ್ರ ಎದ್ದು ಕಾಣುವದು. ಅವಳ ಹೆಸರೇನು, ಅವಳ ಮನಸ್ಸಿನಲ್ಲಿ ಏನಿತ್ತು ಎಂಬದಕ್ಕೆ ಕಲ್ಲಿನಲ್ಲಿ ಬಹುತೇಕ ಎಡೆಯೇ ಇಲ್ಲ. ಗಂಡಸಿನ ಕಥೆಗೆ ಮೂರು ಚೌಕಟ್ಟು, ಹೆಂಗಸಿನ ಕಥೆಗೆ ಒಂದು ತೋಳು! ಚಿತ್ರವು ನಮಗೆ ಹೆಣ್ಣುಗಂಡಿನ ಪಾಠವನ್ನು ಬಹುಕಾಲದಿಂದ ಕಲಿಸುತ್ತಲೇ ಬಂದಿರುತ್ತದೆ. ಆದಕಾರಣ ಚಿತ್ರದಿಂದ ಇಂಥ ಪಾಠವನ್ನು ಹೇಳಬಹುದೋ ಬಾರದೋ ಎಂಬ ಪ್ರಶ್ನೆಯು ಉಳಿಯುವದಿಲ್ಲ. ಯಾವ ಪಾಠವನ್ನು, ಯಾರು, ಯಾವ ರೀತಿಯಿಂದ ಹೇಳಬೇಕೆಂಬದೇ ಪ್ರಶ್ನೆ.

ಈ ಕಾರ್ಯಕ್ಕೆ ಚಿತ್ರಕಥೆಯೇ ಯಾಕೆ, ಬಾಯಿಂದ ಹೇಳಿದರೆ ಸಾಲದೇ ಎಂದು ಕೇಳುವವರುಂಟು. ನಾವು ಇಪ್ಪತ್ತು ವರುಷಕ್ಕೂ ಮಿಕ್ಕಿ ಬಾಲಿಕೆಯರಿಗೆ ಪಾಠ ಹೇಳಿದ ಅನುಭವದಿಂದ ಉತ್ತರ ಕೊಡುತ್ತೇವೆ. ಶರೀರದ ವಿಷಯವಾಗಿ ಮಾತಾಡುವದಕ್ಕೆ ನಮ್ಮ ಬಾಲಿಕೆಯರ ಕೈಯಲ್ಲಿ ಮೂರು ಬಗೆಯ ಶಬ್ದಗಳಿರುತ್ತವೆ. ಒಂದನೆಯದು ಓಣಿಯ ಬೈಗಳ ಶಬ್ದ, ಅದನ್ನು ಅವರು ಕೇಳುವರಲ್ಲದೆ ಆಡಲಾರರು. ಎರಡನೆಯದು ಪಠ್ಯಪುಸ್ತಕದ ಸಂಸ್ಕೃತ ಶಬ್ದ, ಅದನ್ನು ಬಾಯಿಪಾಠ ಮಾಡುವರಲ್ಲದೆ ತಮ್ಮ ಮೈಗೆ ಸಂಬಂಧಿಸಿದ್ದೆಂದು ಎಣಿಸಲಾರರು. ಮೂರನೆಯದು ಮನೆಯ ಮುಚ್ಚುಮಾತು: "ಹೊರಗಾಗ್ಯಾಳ", "ಕಡೀಗಾಗ್ಯಾಳ", "ಕಾಗಿ ಮುಟ್ಟೇತಿ". ಆರನೆಯ ಇಯತ್ತೆಯ ಒಬ್ಬ ಚಿಕ್ಕ ಹುಡಿಗೆಯು ತನ್ನ ಅಕ್ಕನಿಗೆ ಕಾಗೆ ಮುಟ್ಟಿದೆಯೆಂದು ಕೇಳಿ, ತನಗೂ ಮುಟ್ಟೀತೆಂಬ ಭಯದಿಂದ ಬಹುದಿನ ವಸತಿಗೃಹದ ಅಂಗಳಕ್ಕೆ ಕೊಡೆ ಹಿಡಿದುಕೊಂಡು ಹೋಗುತ್ತಿದ್ದಳು. ನಾವು ನಕ್ಕೆವು, ನಕ್ಕ ಮೇಲೆ ವ್ಯಸನವೂ ಆಯಿತು. ಏನೂ ಹೇಳದೆ ಬಿಟ್ಟಲ್ಲಿ ಮಗುವಿನ ಮನಸ್ಸು ಬರಿದಾಗಿ ಉಳಿಯುವದಿಲ್ಲ, ಭಯವು ಆ ಸ್ಥಳವನ್ನು ತುಂಬಿಕೊಳ್ಳುವದು.

ನಾಚಿಕೆಯು ನಾಲಗೆಯಲ್ಲಿ ಇರುವಷ್ಟು ಕಣ್ಣಿನಲ್ಲಿ ಇರುವದಿಲ್ಲ. ಬಾಯಿಂದ ಕೇಳಲಾರದ್ದನ್ನು ಬಾಲಿಕೆಯು ಬೆರಳಿಟ್ಟು ತೋರಿಸಬಲ್ಲಳು. "ಈಕಿಗೆ ಹೊಟ್ಟಿನೋವು ಯಾಕ?" ಎಂದು ಚಿತ್ರದ ಹುಡಿಗೆಯನ್ನು ಕುರಿತು ಕೇಳುವಾಗ ಅವಳು ತನ್ನ ವಿಷಯವನ್ನೇ ಕೇಳುತ್ತಿರುತ್ತಾಳೆ. ಆದರೆ ಕಾಗದದ ಹುಡಿಗೆಯೊಬ್ಬಳು ನಡುವೆ ನಿಂತು ಅವಳ ಮಾನವನ್ನು ಕಾಯುತ್ತಾಳೆ. ಇದೇ ಚಿತ್ರಕಥೆಯ ದೊಡ್ಡ ಉಪಕಾರ.

ಈ ಬಗೆಯ ಪುಸ್ತಕಗಳಲ್ಲಿ ನಾವು ಮೊದಲು ತರಿಸಿದ್ದು 'ಮೆನ್‌ಸ್ಟ್ರುಪೀಡಿಯಾ' ಎಂಬದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಅದಿತಿ ಗುಪ್ತಾ ಮತ್ತು ತುಹಿನ್ ಪಾಲ್ ಎಂಬವರು ಇದನ್ನು ಸಿದ್ಧಪಡಿಸಿ 2014ನೆಯ ಇಸವಿಯಲ್ಲಿ ಪ್ರಕಟಿಸಿದರು. ಅದಿತಿಯವರು ಝಾರ್ಖಂಡದ ಗಢವಾ ಎಂಬ ಚಿಕ್ಕ ಊರಿನವರು. ಮುಟ್ಟಾದವಳು ಇಂಥಿಂಥದನ್ನು ಮುಟ್ಟಬಾರದೆಂಬ ಕಟ್ಟಳೆಗಳಲ್ಲಿ ಬೆಳೆದವರು. ಪುಸ್ತಕದಲ್ಲಿ ಪಿಂಕಿ ಎಂಬ ಒಂಬತ್ತು ವರುಷದ ಹುಡಿಗೆ, ಅವಳಿಗಿಂತ ದೊಡ್ಡವರಾದ ಜಿಯಾ ಮತ್ತು ಮೀರಾ, ಇವರಿಗೆ ತಿಳಿಹೇಳುವ ಪ್ರಿಯಾ ಎಂಬ ಅಕ್ಕ ಇರುತ್ತಾರೆ. ಗರ್ಭಕೋಶದ ಒಳಪದರವು ಪ್ರತಿ ತಿಂಗಳು ದಪ್ಪವಾಗುವದು, ಗರ್ಭ ನಿಲ್ಲದಿದ್ದಲ್ಲಿ ಆ ಪದರವೇ ಕಳಚಿ ರಕ್ತದೊಡನೆ ಹೊರಗೆ ಬರುವದು, ಇದು ರೋಗವೂ ಅಲ್ಲ ಹೊಲಸೂ ಅಲ್ಲ ಎಂಬದು ಸರಳವಾದ ಚಿತ್ರಗಳಲ್ಲಿ ಬಂದಿರುತ್ತದೆ. ಈ ಪುಸ್ತಕವು ಅನೇಕ ಭಾಷೆಗಳಿಗೆ ಹೋಗಿದೆ, ಕನ್ನಡದಲ್ಲಿಯೂ ದೊರೆಯುತ್ತದೆ. ಸಿಟ್ಟಿನಿಂದ ಬಂದ ಪಾಲಕರ ಕೈಯಲ್ಲಿ ನಾವು ಮೊದಲು ಇಡುವದು ಇದೇ ಪುಸ್ತಕವನ್ನು. "ಕೂತು ಪೂರಾ ಓದಿರಿ, ಆಮೇಲೆ ಮಾತಾಡೋಣ" ಎನ್ನುತ್ತೇವೆ. ಓದಿದ ಬಳಿಕ ಬಹಳ ಜನರ ಮಾತೇ ಬೇರೆಯಾಗುವದು.

ಇದಕ್ಕಿಂತ ಹಿಂದೆಯೇ, 1990ರ ಆಚೀಚೆ, ವಿಶ್ವಸಂಸ್ಥೆಯ ಮಕ್ಕಳ ನಿಧಿಯವರು ದಕ್ಷಿಣ ಏಶಿಯದ ಬಾಲಿಕೆಯರಿಗೋಸ್ಕರ 'ಮೀನಾ' ಎಂಬ ಹುಡಿಗೆಯನ್ನು ಸೃಷ್ಟಿಸಿದರು. ಅವಳ ಸಂಗಡ ರಾಜು ಎಂಬ ತಮ್ಮ, ಮಿಠು ಎಂಬ ಗಿಳಿ. ನಮ್ಮ ದೇಶದ ಪ್ರಸಿದ್ಧ ಚಲಚ್ಚಿತ್ರಕಾರರಾದ ರಾಮಮೋಹನರು ಈ ಚಿತ್ರಗಳಿಗೆ ರೂಪ ಕೊಟ್ಟವರಲ್ಲಿ ಒಬ್ಬರು. ಒಂದು ಕಥೆಯಲ್ಲಿ ಶಾಲೆಗೆ ಹೋಗದ ಮೀನಾ ತನ್ನ ಗಿಳಿಯಿಂದ ಲೆಕ್ಕ ಕಲಿತು, ಕೋಳಿಗಳನ್ನು ಎಣಿಸಿ ಕಳವನ್ನು ಕಂಡುಹಿಡಿಯುತ್ತಾಳೆ. ಇನ್ನೊಂದರಲ್ಲಿ ಮಾವಿನಹಣ್ಣಿನ ದೊಡ್ಡ ಪಾಲು ರಾಜುವಿಗೆ ಹೋಗುವದನ್ನು ಕಂಡು ಅಕ್ಕತಮ್ಮಂದಿರು ಒಂದು ದಿನದ ಮಟ್ಟಿಗೆ ತಮ್ಮ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಸಂಜೆಯಾಗುವದರೊಳಗೆ ರಾಜು ಸುಸ್ತಾಗಿರುತ್ತಾನೆ. ಈ ಕಥೆಯನ್ನು ನಮ್ಮ ಐದನೆಯ ಇಯತ್ತೆಯಲ್ಲಿ ತೋರಿಸಿದಾಗ ಇಡೀ ವರ್ಗವು ಒಂದೇ ಸ್ವರದಲ್ಲಿ, "ನಮ್ಮನ್ಯಾಗೂ ಹಿಂಗ ಐತ್ರಿ!" ಎಂದಿತು. ಒಬ್ಬಳು ಮಾತ್ರ, "ನಮ್ಮನ್ಯಾಗ ಮಾವಿನಹಣ್ಣ ತರೂದಿಲ್ರಿ, ಹಾಲಿನ ಮ್ಯಾಲೆ ಜಗಳ" ಎಂದು ತಿದ್ದಿದಳು.

2012ನೆಯ ಇಸವಿಯ ಡಿಸೆಂಬರದಲ್ಲಿ ದಿಲ್ಲಿಯಲ್ಲಿ ಒಬ್ಬ ತರುಣಿಯ ಮೇಲೆ ನಡೆದ ಘೋರಕೃತ್ಯವು ದೇಶವನ್ನೇ ಕಲಕಿದ್ದನ್ನು ನೀವು ಮರೆತಿರಲಿಕ್ಕಿಲ್ಲ. ಆ ಕಾಲದಲ್ಲಿ, ಕೆಟ್ಟದ್ದಾದರೆ ಅದು ಹೆಣ್ಣಿನದೇ ತಪ್ಪೆಂಬ ಮಾತನ್ನು ಕೇಳಿ ಬೇಸತ್ತ ರಾಮ ದೇವಿನೇನಿ ಎಂಬವರು, ಡಾನ್ ಗೋಲ್ಡ್‌ಮನ್ ಎಂಬ ಚಿತ್ರಕಾರನೊಡನೆ ಕೂಡಿ, 2014ರ ಡಿಸೆಂಬರದಲ್ಲಿ 'ಪ್ರಿಯಾಸ್ ಶಕ್ತಿ' ಎಂಬ ಚಿತ್ರಕಥೆಯನ್ನು ಹೊರತಂದರು. ಅನ್ಯಾಯಕ್ಕೆ ಗುರಿಯಾಗಿ ಮನೆಯವರಿಂದಲೂ ನೂಕಲ್ಪಟ್ಟ ಪ್ರಿಯಾ ಎಂಬ ಹಳ್ಳಿಯ ತರುಣಿಯು ತನ್ನನ್ನು ಅಂಜಿಸುತ್ತಿದ್ದ ಹುಲಿಯನ್ನೇ ಏರಿ ಊರಿಗೆ ತಿರುಗಿ ಬರುವ ಕಥೆ ಅದು. 2016ರಲ್ಲಿ ಬಂದ ಎರಡನೆಯ ಭಾಗವು ಆಸಿಡ್ಡಿನಿಂದ ಮುಖ ಸುಟ್ಟುಕೊಂಡವರ ವಿಷಯವಾಗಿದೆ. 2015ರಲ್ಲಿ ದಿಲ್ಲಿಯ ಜುಬಾನ್ ಪ್ರಕಾಶನದವರು ಹದಿನಾಲ್ಕು ಮಂದಿ ಸ್ತ್ರೀಯರು ತಾವೇ ಬರೆದು ತಾವೇ ಚಿತ್ರಿಸಿದ ಕಥೆಗಳನ್ನು ಒಂದು ಸಂಪುಟವಾಗಿ ತಂದರು. ಇವು ದೊಡ್ಡ ಬಾಲಿಕೆಯರಿಗೆ ಯೋಗ್ಯವಾದವು. ಇವುಗಳನ್ನು ನಾವು ಒಂಬತ್ತನೆಯ ಇಯತ್ತೆಗಿಂತ ಕೆಳಗೆ ಕೊಡುವದಿಲ್ಲ, ಅಧ್ಯಾಪಿಕೆಯು ಸಂಗಡ ಇಲ್ಲದೆ ಓದಿಸುವದೂ ಇಲ್ಲ.

ಇಷ್ಟು ಹೇಳಿದ್ದರಿಂದ ಚಿತ್ರಕಥೆಗಳೆಲ್ಲ ಒಳ್ಳೆಯವೆಂದು ನಾವು ಹೇಳುತ್ತೇವೆಂದು ತಿಳಿಯಬೇಡಿರಿ. ನಮ್ಮ ಕಾಲದ ಬಾಲಿಕೆಯರು 'ಚಂದಮಾಮ'ವನ್ನೂ 'ಅಮರ ಚಿತ್ರಕಥೆ'ಯನ್ನೂ ಕೈಯಿಂದ ಕೈಗೆ ದಾಟಿಸಿ ಓದಿದವರು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಆ ಮಾಲೆಯಿಂದ ನಾವು ಎಷ್ಟೋ ಪುರಾಣ ಇತಿಹಾಸಗಳನ್ನು ಕಲಿತೆವು. ಆ ಋಣವನ್ನು ಅಲ್ಲಗಳೆಯುವದಿಲ್ಲ. ಆದರೆ ಈಗ ಆ ಹಳೆಯ ಪ್ರತಿಗಳನ್ನು ತೆರೆದು ನೋಡಿದರೆ, ಒಳ್ಳೆಯ ಹೆಣ್ಣು ಬೆಳ್ಳಗೆ ಸಣ್ಣ ನಡುವಿನವಳು, ದುಷ್ಟನು ಕಪ್ಪಗೆ ದಪ್ಪಗೆ ಇರುವವನು, ಮತ್ತು ಗಂಡನಿಗೋಸ್ಕರ ಬೆಂಕಿಯಲ್ಲಿ ಬೀಳುವದೇ ಹೆಣ್ಣಿನ ಹಿರಿಮೆ ಎಂಬಂಥ ಚಿತ್ರಗಳು ಎಷ್ಟೋ ಸಿಕ್ಕುವವು. ವಿದ್ವಾಂಸರು ಇದನ್ನು ಬಹುಕಾಲದಿಂದ ಎತ್ತಿ ತೋರಿಸಿರುತ್ತಾರೆ. ಆದಕಾರಣ ನಮ್ಮ ಎಂಟನೆಯ ಇಯತ್ತೆಯಲ್ಲಿ ಒಂದು ಅಭ್ಯಾಸವನ್ನು ಇಟ್ಟಿದ್ದೇವೆ. ಯಾವದೇ ಒಂದು ಚಿತ್ರದ ಪುಸ್ತಕವನ್ನು ತೆಗೆದುಕೊಂಡು, ಎಷ್ಟು ಚಿತ್ರಗಳಲ್ಲಿ ಹೆಣ್ಣು ಮಾತಾಡುತ್ತಾಳೆ, ಎಷ್ಟರಲ್ಲಿ ಬರೇ ನಿಂತಿರುತ್ತಾಳೆ, ಎಷ್ಟರಲ್ಲಿ ಒಲೆಯ ಮುಂದೆ ಇರುತ್ತಾಳೆ ಎಂಬದನ್ನು ಎಣಿಸಿ ಬರೆಯಬೇಕು. ಚಿತ್ರವನ್ನು ನಂಬುವದಕ್ಕಿಂತ ಮೊದಲು ಚಿತ್ರವನ್ನು ವಿಚಾರಿಸುವದನ್ನು ಕಲಿತವಳಿಗೆ ಜಾಹೀರಾತಾಗಲಿ ಕೈಯೊಳಗಿನ ಫೋನಿನ ಚಿತ್ರವಾಗಲಿ ಅಷ್ಟು ಸುಲಭವಾಗಿ ಮೋಸ ಮಾಡಲಾರದು.

ಪರರ ಚಿತ್ರವನ್ನು ಓದುವದಕ್ಕಿಂತ ತಮ್ಮ ಚಿತ್ರವನ್ನು ತಾವೇ ಬರೆಯುವದು ಹೆಚ್ಚಿನದು. ಈ ರೀತಿಯನ್ನು ನಮ್ಮ ದೇಶದಲ್ಲಿ ಹಬ್ಬಿಸಿದವರು ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯ ಶರದ್ ಶರ್ಮಾ ಎಂಬವರು. ಫಿನ್‌ಲ್ಯಾಂಡ್ ದೇಶದ ಲೈಫ್ ಪಾಕಲೇನ್ ಎಂಬವರೊಡನೆ ಅವರು ಬರೆದ ಕೈಪಿಡಿಯು 2007ರಲ್ಲಿ ಪ್ರಕಟವಾಯಿತು. ವಿಧಾನವು ಬಹು ಸರಳ. ಚಿತ್ರಕಲೆ ಬರಬೇಕೆಂಬ ನಿಯಮವಿಲ್ಲ, ಖರ್ಚೂ ಇಲ್ಲ. ಸಾಮಾನ್ಯ ಅಳತೆಯ ಎರಡು ಕಾಗದಗಳನ್ನು ಜೋಡಿಸಿ ನಾಲ್ಕು ಚೌಕಟ್ಟು ಮಾಡುವದು. ಮೊದಲನೆಯದರಲ್ಲಿ ಯಾರು, ಎಲ್ಲಿ, ಎರಡನೆಯದರಲ್ಲಿ ತೊಂದರೆ, ಮೂರನೆಯದರಲ್ಲಿ ತಿರುವು, ನಾಲ್ಕನೆಯದರಲ್ಲಿ ಮುಗಿವು. ಪೆನ್ಸಿಲಿನಿಂದ ಬರೆದು, ಕಪ್ಪು ಮಸಿಯಿಂದ ತಿದ್ದಿ, ಮಾತುಗಳನ್ನು ದೊಡ್ಡಕ್ಷರದಲ್ಲಿ ಬರೆದು, ಯಂತ್ರದಿಂದ ನಕಲು ತೆಗೆದು, ಬಸ್ಸಿನ ನಿಲ್ದಾಣದಲ್ಲಿಯೋ ಚಹದ ಅಂಗಡಿಯಲ್ಲಿಯೋ ಹಚ್ಚುವದು. ತಮ್ಮ ಊರಿನ ಮಾತು, ತಮ್ಮ ಊರಿನ ಜನ, ತಮ್ಮ ಊರಿನ ಗೋಡೆ.

ನಮ್ಮಲ್ಲಿ ಎಂಟು ಒಂಬತ್ತನೆಯ ಇಯತ್ತೆಯ ಬಾಲಿಕೆಯರಿಗೆ ಎರಡು ಶನಿವಾರ ಇದನ್ನು ಕಲಿಸಿದೆವು. ಕಟ್ಟಳೆ ಎರಡೇ: ಯಾರ ಹೆಸರನ್ನೂ ಬರೆಯಬಾರದು, ಯಾರ ಚಿತ್ರವನ್ನು ಕುರಿತೂ ನಗಬಾರದು. ಕೌಜಲಗಿ, ಕುಲಗೋಡ, ಮೂಡಲಗಿಯ ಕಡೆಯಿಂದ ಬರುವ ಬಾಲಿಕೆಯರು ಪಠ್ಯಪುಸ್ತಕದ ಕನ್ನಡವನ್ನು ಬದಿಗಿಟ್ಟು ತಮ್ಮ ಮನೆಯ ಮಾತಿನಲ್ಲಿಯೇ ಬರೆದರು. ನಿಬಂಧ ಬರೆಯಿರೆಂದರೆ ಐದು ಸಾಲಿನ ಮುಂದೆ ಹೋಗದವರು ಇಲ್ಲಿ ಊಟದ ಗಂಟೆಯನ್ನೂ ಕೇಳಿಸಿಕೊಳ್ಳಲಿಲ್ಲ. ಒಬ್ಬಳು ಕಿಕ್ಕಿರಿದ ಬಸ್ಸಿನಲ್ಲಿ ಮೈಮೇಲೆ ಬೀಳುವ ದೊಡ್ಡ ಮನುಷ್ಯನನ್ನು ಚಿತ್ರಿಸಿದಳು. ಮೂರನೆಯ ಚೌಕಟ್ಟಿನಲ್ಲಿ ಹುಡಿಗೆಯು, "ಯಜಮಾನ್ರ, ನಿಮ್ಮ ಕೈ ಕಂಬಿ ಹಿಡೀಲಿ" ಎಂದು ಗಟ್ಟಿಯಾಗಿ ಹೇಳುತ್ತಾಳೆ, ನಾಲ್ಕನೆಯದರಲ್ಲಿ ಬಸ್ಸಿನವರೆಲ್ಲ ಹಿಂತಿರುಗಿ ನೋಡುತ್ತಾರೆ. ಇನ್ನೊಬ್ಬಳು ಕಬ್ಬಿನ ಸುಗ್ಗಿಯಲ್ಲಿ ತಾಯಿ ಹೊಲಕ್ಕೆ ಹೋದಾಗ ತಂಗಿಯನ್ನು ಎತ್ತಿಕೊಂಡು ಶಾಲೆ ತಪ್ಪಿಸುವ ಅಕ್ಕನನ್ನು, ಅದೇ ಹೊತ್ತಿಗೆ ಚಂಡಾಡುವ ಅಣ್ಣನನ್ನು ಬರೆದಳು. ಮತ್ತೊಬ್ಬಳು ನೀರಿಲ್ಲದ ಶೌಚಾಲಯವನ್ನು ಬರೆದು ನಾಲ್ಕನೆಯ ಚೌಕಟ್ಟಿನಲ್ಲಿ ಕನ್ನಡಕ ಹಾಕಿದ ಬಾಯಾರನ್ನು ನಿಲ್ಲಿಸಿ, "ನಾಳೆ ಬರ್ತೈತಿ" ಎಂದು ಹೇಳಿಸಿದಳು. ಕನ್ನಡಕವು ನಮ್ಮದೇ ಎಂಬದು ಎಲ್ಲರಿಗೂ ತಿಳಿಯಿತು. ಆ ಹಾಳೆಯನ್ನು ಆಡಳಿತ ಮಂಡಳಿಯವರ ಸಭೆಗೆ ಒಯ್ದೆವು. ಹತ್ತು ಪತ್ರಗಳಿಂದ ಆಗದ ಕೊಳವೆಯ ಕೆಲಸವು ಆ ಒಂದು ಹಾಳೆಯಿಂದ ಆಯಿತು.

ಆ ದಿನದ ಹಾಳೆಗಳಲ್ಲಿ ಒಂದು ನಮ್ಮನ್ನು ತಡೆದು ನಿಲ್ಲಿಸಿತು. ಮೊದಲನೆಯ ಚೌಕಟ್ಟಿನಲ್ಲಿ ಗಣಿತದ ಪುಸ್ತಕ ಹಿಡಿದ ಹುಡಿಗೆ. ಎರಡನೆಯದರಲ್ಲಿ ತಾಯಿಯು ಆ ಪುಸ್ತಕದ ಮೇಲೆಯೇ ಸೀರೆ ಇಡುತ್ತಾಳೆ. ಮೂರನೆಯದರಲ್ಲಿ ಚಹದ ಬಟ್ಟಲು ಹಿಡಿದ ನೆಂಟರು, "ಹುಡಿಗಿ ಎಷ್ಟನೇತ್ತಾ?" ಎನ್ನುತ್ತಾರೆ. ನಾಲ್ಕನೆಯದರಲ್ಲಿ ಮಾತಿಲ್ಲ, ವರ್ಗದ ಬೆಂಚು, ಅದರಲ್ಲಿ ಒಂದು ಬರಿದಾದ ಸ್ಥಳ. ನಾವು ವರ್ಗದಲ್ಲಿ ಏನೂ ಕೇಳಲಿಲ್ಲ. ಎರಡು ದಿನಗಳ ಮೇಲೆ ಆ ಬಾಲಿಕೆಯು ತಾನಾಗಿ ಬಂದು ಬಾಗಿಲ ಹತ್ತಿರ ನಿಂತಳು.

ವರ್ಗದ ಅಧ್ಯಾಪಿಕೆಯನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ತಂದೆಯು ಕ್ರೂರನಾಗಿರಲಿಲ್ಲ, ಮೂಢನೂ ಆಗಿರಲಿಲ್ಲ. ಸಾಲದ ಕಂತು ಬಂದಿತ್ತು, ಕಬ್ಬಿನ ಬಿಲ್ಲು ಬಂದಿರಲಿಲ್ಲ. ದೊಡ್ಡಪ್ಪನ ಮಗಳ ಲಗ್ನದ ಹಂದರದಲ್ಲಿಯೇ ಈ ಲಗ್ನವನ್ನೂ ಮುಗಿಸಿದರೆ ಖರ್ಚು ಉಳಿಯುವದೆಂಬ ಲೆಕ್ಕ. ಹದಿನೆಂಟು ತುಂಬದ ಬಾಲಿಕೆಯ ಲಗ್ನವು 2006ರ ಕಾಯಿದೆಯಿಂದ ಅಪರಾಧವೆಂದೂ, 2017ರ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಅಂಥ ಲಗ್ನವು ಲಗ್ನವೇ ಅಲ್ಲವೆಂದೂ ಹೇಳಿದೆವು. ಕಾಯಿದೆಯ ಮಾತಿಗೆ ಅವರು ಅಂಜಿದರು, ಆದರೆ ಒಪ್ಪಲಿಲ್ಲ. ಆಗ ಆ ಹಾಳೆಯನ್ನು ತೋರಿಸಬಹುದೇ ಎಂದು ಬಾಲಿಕೆಯನ್ನೇ ಕೇಳಿದೆವು. ಅವಳು ತಲೆಯಾಡಿಸಿದಳು. ತಂದೆಯು ಅದನ್ನು ಬಹಳ ಹೊತ್ತು ನೋಡಿ, ನಾಲ್ಕನೆಯ ಚೌಕಟ್ಟಿನ ಮೇಲೆ ಬೆರಳಿಟ್ಟು, "ಇಲ್ಲಿ ನೀನು ಎಲ್ಲೀದಿ?" ಎಂದು ಮಗಳನ್ನು ಕೇಳಿದನು. ಅವಳು ಉತ್ತರ ಕೊಡಲಿಲ್ಲ. ಲಗ್ನವು ಹತ್ತನೆಯ ಇಯತ್ತೆಯ ಪರೀಕ್ಷೆಯ ವರೆಗೆ ನಿಂತಿತು. ಪರೀಕ್ಷೆಯಾಯಿತು, ಅವಳು ತೇರ್ಗಡೆಯಾದಳು, ಈಗ ಕಾಲೇಜಿನ ಎರಡನೆಯ ವರುಷದಲ್ಲಿದ್ದಾಳೆ. ಮುಂದೇನೆಂಬದನ್ನು ನಾವು ಹೇಳಲಾರೆವು. ಆದರೆ ಮೂರು ವರುಷವೆಂಬದು ಒಬ್ಬ ಬಾಲಿಕೆಯ ಆಯುಷ್ಯದಲ್ಲಿ ಸಣ್ಣದಲ್ಲ. 2019ರಿಂದ 21ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 20ರಿಂದ 24 ವರುಷದ ಸ್ತ್ರೀಯರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಲಗ್ನವಾಗಿತ್ತೆಂದು ತಿಳಿದಾಗ, ಬರಿದಾದ ಬೆಂಚುಗಳು ಎಷ್ಟಿರುವವೆಂದು ನೀವೇ ಎಣಿಸಿರಿ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೊಂದು ಮುಖವೂ ಇರುತ್ತದೆ. ದೇವರ ಹೆಸರಿನಲ್ಲಿ ಬಾಲಿಕೆಯರಿಗೆ ಮುತ್ತು ಕಟ್ಟುವ ಪದ್ಧತಿಯನ್ನು ರಾಜ್ಯವು 1982ರ ಕಾಯಿದೆಯಿಂದ ನಿಷೇಧಿಸಿತು. ಆ ಪದ್ಧತಿಯ ನೋವನ್ನು ಉಂಡ ಸ್ತ್ರೀಯರೇ ಕೂಡಿ 1997ರಲ್ಲಿ ಘಟಪ್ರಭೆಯಲ್ಲಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ'ಯನ್ನು ಕಟ್ಟಿ, ತಮ್ಮ ಮಕ್ಕಳಿಗೆ ಆ ಗತಿ ಬಾರದಂತೆ ಕಾಯುತ್ತ ಬಂದಿದ್ದಾರೆ. ಯಾರ ಮೇಲೆ ಕಥೆ ಹೇಳಲಾಗುತ್ತಿತ್ತೋ ಅವರೇ ತಮ್ಮ ಕಥೆಯನ್ನು ಹೇಳತೊಡಗಿದ್ದು ಅಲ್ಲಿಯ ದೊಡ್ಡ ಮಾತು. ನಮ್ಮ ಬಾಲಿಕೆಯರ ಕೈಗೆ ಪೆನ್ಸಿಲು ಕೊಡುವದೂ ಅದೇ ಉದ್ದೇಶದಿಂದ.

ಪಾಲಕರ ಸಭೆಯಲ್ಲಿ ಈ ಹಾಳೆಗಳನ್ನು ಗೋಡೆಗೆ ಹಚ್ಚಿದಾಗ ಒಬ್ಬ ಗೃಹಸ್ಥರು ಎದ್ದು, "ಸಾಲಿಗೆ ಕಳಿಸಿದ್ದು ಅಕ್ಷರ ಕಲೀಲಾಕ, ಇದನ್ನ ಕಲೀಲಾಕಲ್ಲ. ಮಾನದ ಮಾತು ಇದು" ಎಂದರು. ಕೆಲವರು ಹೌದೆಂದರು. ಆಗ ಕೌಜಲಗಿಯಿಂದ ಮೊಮ್ಮಗಳ ಸಂಗಡ ಬಂದಿದ್ದ ಒಬ್ಬ ವೃದ್ಧೆಯು, ಓದು ಬಾರದವಳು, ಗೋಡೆಯ ಒಂದೊಂದು ಹಾಳೆಯನ್ನೂ ಹತ್ತಿರದಿಂದ ನೋಡುತ್ತಿದ್ದವಳು, ತಿರುಗಿ ನಿಂತು ಹೀಗೆಂದಳು: "ಯಪ್ಪಾ, ಪಾರಿಜಾತದ ಆಟ ನೋಡೀಯಿಲ್ಲೋ? ಭಾಮಿ ಸಿಟ್ಟು ಮಾಡ್ತಾಳ, ಕೃಷ್ಣ ಕಾಲು ಹಿಡೀತಾನ, ಸವತಿ ಮಾತು ಎಲ್ಲಾ ಬರ್ತಾವ. ನಾವು ಅತ್ತಿ, ಸೊಸಿ, ಮಾವ, ಮೈದುನ ಒಂದ ಚಾಪಿ ಮ್ಯಾಲೆ ಬೆಳತನಕ ಕೂತು ನೋಡೀವಿ. ಆಗ ಹೋಗದ ಮಾನ ಈ ಕೂಸುಗೋಳ ಚಿತ್ರಕ್ಕ ಹೋಗ್ತೈತೇನು?"

ಸಭೆಯು ನಕ್ಕಿತು, ಆ ಗೃಹಸ್ಥರೂ ನಕ್ಕರು. ವೃದ್ಧೆಯು ಹೇಳಿದ್ದು ಬರೇ ನಗೆಯ ಮಾತಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನು ಈ ಸೀಮೆಯವನು. ಆ ಆಟವನ್ನು ಊರೂರಿಗೆ ಮುಟ್ಟಿಸಿದ ಕೌಜಲಗಿ ನಿಂಗಮ್ಮನು ಈ ಸೀಮೆಯವಳು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುವದು ಸಾಮಾನ್ಯವಾಗಿದ್ದ ಬಯಲಾಟದ ಲೋಕದಲ್ಲಿ ಹೆಂಗಸೊಬ್ಬಳು ಹೆಸರಾಂತಳಾದ ಊರು ಕೌಜಲಗಿ. ಹೆಣ್ಣುಗಂಡಿನ ಮಾತನ್ನು ಎಲ್ಲರ ಮುಂದೆ, ಹೊಲಸಿಲ್ಲದೆ, ರಸವಾಗಿ ಆಡುವ ವಿದ್ಯೆಯು ಈ ನೆಲದಲ್ಲಿ ಮೊದಲೇ ಇತ್ತು. ಮುಟ್ಟಿನ ವಿಷಯವಾದರೂ ಅಷ್ಟೇ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ನಿರಾಕರಿಸಿದಾಗ ರಜಸ್ಸೂತಕವನ್ನೂ ನಿರಾಕರಿಸಿದರು. ಹನ್ನೆರಡು ವರುಷ ರಕ್ತಸ್ರಾವದಿಂದ ನೊಂದ ಸ್ತ್ರೀಯು ಜನರ ಗುಂಪಿನಲ್ಲಿ ಬಂದು ಮುಟ್ಟಿದಾಗ ಯೇಸುಸ್ವಾಮಿಯು ಅವಳನ್ನು ಗದರಿಸದೆ ಮಗಳೇ ಎಂದು ಕರೆದನೆಂಬದನ್ನು ನಮ್ಮ ಬಾಲಿಕೆಯರು ಬಲ್ಲರು. ಹೀಗಿರಲಾಗಿ, ನಾಚಿಕೆಯೇ ನಮ್ಮ ಹಿರಿಯರ ಆಸ್ತಿಯೆಂದು ಹೇಳುವದು ಹಿರಿಯರಿಗೆ ಮಾಡುವ ಅನ್ಯಾಯವಾದೀತು.

ಇನ್ನೊಂದು ಕಠಿಣವಾದ ಪ್ರಶ್ನೆ. ಚಿತ್ರ ಬರೆಯುವ ದಿನ ಒಬ್ಬಳು ಬಂದು, "ಬಾಯಾರೆ, ಜೋಗಪ್ಪಗೋಳು ಹೆಂಗಸರೋ ಗಂಡಸರೋ? ಚಿತ್ರದಾಗ ಯಾವ ಅರಿವಿ ಬರೀಲಿ?" ಎಂದು ಕೇಳಿದಳು. ಸವದತ್ತಿಯ ಗುಡ್ಡದ ಜಾತ್ರೆಗೆ ಹೋಗಿಬಂದ ಯಾವ ಮಗುವಿಗಾದರೂ ಬರುವ ಪ್ರಶ್ನೆಯೇ ಇದು. ಗಂಡಾಗಿ ಹುಟ್ಟಿ ತಮ್ಮನ್ನು ಹೆಣ್ಣೆಂದು ಅರಿತುಕೊಂಡವರೂ, ಎರಡರಲ್ಲಿ ಯಾವದೂ ಅಲ್ಲವೆಂದು ಅರಿತುಕೊಂಡವರೂ ಲೋಕದಲ್ಲಿ ಇರುತ್ತಾರೆ. ಇದು ಶಾಪವೂ ಅಲ್ಲ, ಕಳ್ಳವೇಷವೂ ಅಲ್ಲ. 2014ರ ಏಪ್ರಿಲದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಅವರ ಗುರುತನ್ನು ಒಪ್ಪಿಕೊಂಡಿದೆ. ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು ಎಂದು ಹೇಳಿದೆವು. "ಹಂಗಾದ್ರ ಅವರನ್ನ ಕೇಳಿ ಬರೀಬೇಕು" ಎಂದು ಆ ಬಾಲಿಕೆಯು ಹೇಳಿದಳು. ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಯಾವ ತರಬೇತಿ ಕಾಲೇಜಿನಲ್ಲಿಯೂ ಕೇಳಿರುವದಿಲ್ಲ.

ಈ ಕೆಲಸವನ್ನು ಕೈಕೊಳ್ಳಬೇಕೆನ್ನುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅಧ್ಯಾಪಿಕೆಯರಾಗಿರುವವರಿಗೆ ಒಂದು ಎಚ್ಚರಿಕೆಯ ಮಾತು. ಇದು ಆಟವಲ್ಲ. ಮಗುವು ಚಿತ್ರದಲ್ಲಿ ತನ್ನ ಗಾಯವನ್ನು ತೋರಿಸೀತು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗಾಗಿ ಆದ 2012ರ ಕಾಯಿದೆಯ ಪ್ರಕಾರ, ಅಂಥ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮಾನವೆಂದಾಗಲಿ ಶಾಲೆಯ ಹೆಸರೆಂದಾಗಲಿ ಮುಚ್ಚಿಡುವ ಅಧಿಕಾರವು ಯಾರಿಗೂ ಇಲ್ಲ. ಮಕ್ಕಳ ಸಹಾಯದ 1098 ಎಂಬ ಅಂಕೆಯನ್ನು ನಮ್ಮ ಪ್ರತಿಯೊಂದು ವರ್ಗದ ಗೋಡೆಯ ಮೇಲೆ ಬರೆಸಿದ್ದೇವೆ. ಕೇಳಿದ ಮೇಲೆ ಮುಂದೆ ಏನು ಮಾಡಬೇಕೆಂಬದು ಗೊತ್ತಿಲ್ಲದವರು ಕೇಳಲು ಹೋಗಬಾರದು. ಅದನ್ನು ಮೊದಲು ಕಲಿತುಕೊಂಡು ಆಮೇಲೆ ಪೆನ್ಸಿಲು ಹಂಚಬೇಕು.

ಚಿತ್ರ ನೋಡಿದರೆ ಓದುವ ರೂಢಿ ಕೆಡುವದೆಂಬ ಆಕ್ಷೇಪಣೆಗೂ ಒಂದು ಮಾತು. ನಮ್ಮ ವಾಚನಾಲಯದ ನೋಂದಣಿಯ ಪುಸ್ತಕವನ್ನು ಬಂದು ನೋಡಿರಿ. ಚಿತ್ರಕಥೆಯ ಕಪಾಟಿನಿಂದ ಆರಂಭಿಸಿದವರೇ ವರುಷ ಮುಗಿಯುವದರೊಳಗೆ ಕಾದಂಬರಿಯ ಕಪಾಟಿಗೆ ಬಂದಿರುತ್ತಾರೆ. ಮತ್ತು ಚಿತ್ರಕಥೆಯು ಮನೆಗೆ ಹೋದರೆ ಓದು ಬಾರದ ತಾಯಿಯೂ ಅದನ್ನು ನೋಡಬಲ್ಲಳು. ಪಾಠವು ಶಾಲೆಯ ಗೋಡೆಯನ್ನು ದಾಟಿ ಒಲೆಯ ವರೆಗೆ ಹೋಗುವ ದಾರಿ ಇದಕ್ಕಿಂತ ಹತ್ತಿರದ್ದು ನಮಗೆ ಕಂಡಿಲ್ಲ.

ಕಡೆಗೆ ನಮ್ಮ ಬಿನ್ನಹಗಳು ಮೂರು. ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರೂ ದಾದಿಯರೂ ಆಗಿರುವವರು ವರುಷಕ್ಕೆ ಒಂದು ದಿನ ಬಂದು, ಬಾಲಿಕೆಯರು ಚೀಟಿಯಲ್ಲಿ ಬರೆದು ಹಾಕಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಪ್ರಶ್ನೆಗಳ ಪೆಟ್ಟಿಗೆಯು ಈಗಲೇ ತುಂಬಿದೆ. ತಾಯಂದಿರು ಚೀಲದಲ್ಲಿ ಸಿಕ್ಕ ಪುಸ್ತಕವನ್ನು ಕಸಿದುಕೊಳ್ಳದೆ, ಮಗಳ ಪಕ್ಕದಲ್ಲಿ ಕೂತು ಒಂದು ಸಲ ಓದಬೇಕು. ತಂದೆಯವರು ಅದೇ ಪುಸ್ತಕವನ್ನು ತಮ್ಮ ಗಂಡುಮಕ್ಕಳ ಕೈಗೂ ಕೊಡಬೇಕು. ನಮ್ಮದು ಬಾಲಿಕೆಯರ ಶಾಲೆಯಾದ್ದರಿಂದ ಹುಡುಗರಿಗೆ ಪಾಠ ಹೇಳುವ ಅವಕಾಶವು ನಮಗಿಲ್ಲ. ಬಸ್ಸಿನಲ್ಲಿ ಕೈ ಎಲ್ಲಿರಬೇಕು, ಹಾಲನ್ನು ಹೇಗೆ ಹಂಚಬೇಕು, ತಂಗಿಗೆ ಹೊಟ್ಟೆ ನೋಯುವಾಗ ನಗಬಾರದು ಎಂಬ ಪಾಠವು ಅವರಿಗೆ ನಿಮ್ಮಿಂದಲೇ ಆಗಬೇಕು. ಬಾಲಿಕೆಯರ ಹಾಳೆಗಳನ್ನು ಈ ವರುಷವೆಲ್ಲ ಶಾಲೆಯ ಮುಂಬಾಗಿಲ ಗೋಡೆಯ ಮೇಲೆ ಇಟ್ಟಿರುತ್ತೇವೆ. ಬಂದು ನೋಡಿರಿ, ಆಕ್ಷೇಪಣೆ ಇದ್ದರೆ ನಮ್ಮ ಕೋಣೆಗೆ ಬಂದು ಹೇಳಿರಿ. ಚಹವನ್ನು ಕೊಟ್ಟು ಕೇಳುತ್ತೇವೆ.